ತಾನಿಸಿ, ಹೇಗಿದ್ದೀರಿ? ಕ್ರೀ ಭಾಷೆಯ ದಿನಬಳಕೆಯ ಮಾತುಗಳು

ಕೆನಡಾದ ಎಡ್ಮಂಟನ್ ನಗರದಲ್ಲಿ 12 ವಾರ್ಡುಗಳಿವೆ. ಮೊದಲು ಅವಕ್ಕೆ ಬರೀ ನಂಬರ್ ಇತ್ತು. 2021ರ ನಗರಸಭೆ ಚುನಾವಣೆಯಿಂದ ಅಲ್ಲಿನ ಮೂಲನಿವಾಸಿಗಳ ಭಾಷೆಗಳಿಂದ ತೆಗೆದ ಹೆಸರುಗಳು ಬಂದಿವೆ. ಪಪಸ್ತೇವ್, ಪಿಹೇಸಿವಿನ್, ಸೀಪಿವಿಯಿನಿವಕ್, ತಸ್ತವಿಯಿನಿವಕ್. ಈ ನಾಲ್ಕೂ ಕ್ರೀ ಭಾಷೆಯವು. ಆ ಊರಲ್ಲಿ ಮನೆ ಮಾಡಿರುವ ಕನ್ನಡದವರು ವೋಟ್ ಹಾಕಲು ಹೋದಾಗ ನೋಡುವುದು ಈ ಹೆಸರುಗಳನ್ನೇ. ಸಸ್ಕಟೂನ್‌ಗೋ ರೆಜೈನಾಕ್ಕೋ ಓದಲು ಹೋದ ಮಕ್ಕಳು ಕಾಲೇಜಿನಿಂದ ಬಂದ ಮೇಲ್ ತೆರೆದರೆ ಮೊದಲ ಸಾಲಿನಲ್ಲೇ ‘ತಾನಿಸಿ’ ಅಂತ ಇರಬಹುದು. ಕಾರ್ಯಕ್ರಮ ಶುರುವಾಗುವ ಮುಂಚೆ ಯಾರೋ ಒಬ್ಬರು ಎದ್ದು ನಿಂತು, ಈ ನೆಲ ಯಾರದ್ದು, ಮೂಲನಿವಾಸಿಗಳ ಜೊತೆ ಮಾಡಿಕೊಂಡ ಯಾವ ಒಪ್ಪಂದಕ್ಕೆ ಸೇರಿದ್ದು ಅಂತ ಹೇಳುತ್ತಾರೆ. ಕೊನೆಗೆ ‘ಹಯ್ ಹಯ್’ ಅನ್ನುತ್ತಾರೆ.

ಏನಿದು ಭಾಷೆ? ಈ ಮಾತುಗಳ ಅರ್ಥ ಏನು? ನಮಗೆ ಯಾರಾದರೂ ‘ತಾನಿಸಿ’ ಅಂದರೆ ತಿರುಗಿ ಏನು ಹೇಳಬೇಕು? ಸುಮ್ನೆ ಹತ್ತು ಪದ ಬಾಯಿಪಾಠ ಮಾಡಿದರೆ ಇದು ಹಿಡಿತಕ್ಕೆ ಬರುವುದಿಲ್ಲ. ಕ್ರೀಯಲ್ಲಿ ಒಂದು ಚಿಕ್ಕ ಥ್ಯಾಂಕ್ಸ್ ಒಳಗೂ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಅಡಗಿರುತ್ತದೆ. ಅದನ್ನು ಬಿಡಿಸಿ ನೋಡಿದರೆ ಪದಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.

ಯಾರ ಭಾಷೆ, ಎಲ್ಲೆಲ್ಲಿ ಇದೆ

ಕೆನಡಾದ ಮೂಲನಿವಾಸಿಗಳ ಭಾಷೆಗಳಲ್ಲಿ ಅತಿ ಹೆಚ್ಚು ಜನ ಆಡುವುದು ಕ್ರೀ. 2021ರ ಜನಗಣತಿಯಲ್ಲಿ 86 ಸಾವಿರಕ್ಕೂ ಹೆಚ್ಚು ಜನ ತಮಗೆ ಕ್ರೀ ಮಾತಾಡಲು ಬರುತ್ತದೆ ಎಂದು ಬರೆಸಿದ್ದಾರೆ. ಪಶ್ಚಿಮದ ಆಲ್ಬರ್ಟಾದಿಂದ ಸಸ್ಕ್ಯಾಚುವಾನ್, ಮ್ಯಾನಿಟೋಬಾ, ಒಂಟಾರಿಯೊ ದಾಟಿ ಪೂರ್ವದ ಕ್ವಿಬೆಕ್‌ವರೆಗೂ ಈ ಭಾಷೆ ಹಬ್ಬಿದೆ. ವಾಯವ್ಯ ಪ್ರಾಂತ್ಯದಲ್ಲಿ ಅಧಿಕೃತ ಸ್ಥಾನ ಇರುವ 11 ಭಾಷೆಗಳಲ್ಲಿ ಇದೂ ಒಂದು. ಕನ್ನಡ, ತಮಿಳು, ತುಳು ಎಲ್ಲ ದ್ರಾವಿಡ ಕುಟುಂಬದವು ಅಲ್ವಾ, ಹಾಗೆ ಕ್ರೀ ಅಲ್ಗಾಂಕಿಯನ್ ಎಂಬ ಕುಟುಂಬದ್ದು. ಒಜಿಬ್ವೆ, ಬ್ಲ್ಯಾಕ್‌ಫುಟ್ ಭಾಷೆಗಳು ಅದರ ನೆಂಟರು.

‘ಕ್ರೀ’ ಅನ್ನುವುದು ಹೊರಗಿನವರು ಇಟ್ಟ ಹೆಸರು, ಫ್ರೆಂಚರ ಬಾಯಲ್ಲಿ ಮೊಟಕಾಗಿ ಉಳಿದದ್ದು. ಬಯಲು ಸೀಮೆಯ ಕ್ರೀ ಜನ ತಮ್ಮನ್ನು ನೇಹಿಯವಕ್ ಅಂತ ಕರೆದುಕೊಳ್ಳುತ್ತಾರೆ. ಒಬ್ಬರಾದರೆ ನೇಹಿಯವ್. ಅವರ ಮಾತು ನೇಹಿಯವೇವಿನ್.

ಇಷ್ಟು ದೂರ ಹಬ್ಬಿದ ಭಾಷೆ ಎಲ್ಲ ಕಡೆ ಒಂದೇ ತರ ಇರಲು ಸಾಧ್ಯವಿಲ್ಲ. ಅದರ ಪ್ರಭೇದಗಳನ್ನು ಗುರುತಿಸಲು ಒಂದು ಸುಲಭ ದಾರಿ ಇದೆ. ‘ನಾನು’ ಅನ್ನುವುದಕ್ಕೆ ಏನು ಹೇಳುತ್ತಾರೆ ಅಂತ ಕೇಳಿದರೆ ಸಾಕು. ಆಲ್ಬರ್ಟಾ, ಸಸ್ಕ್ಯಾಚುವಾನ್ ಬಯಲಿನಲ್ಲಿ ‘ನಿಯ’. ಮ್ಯಾನಿಟೋಬಾದ ಜವುಗು ಸೀಮೆಯಲ್ಲಿ ‘ನೀನ’. ಒಂಟಾರಿಯೊದ ಮೂಸ್ ನದಿಯ ಕಡೆ ‘ನೀಲ’. ಕ್ವಿಬೆಕ್‌ನ ಅತಿಕಮೆಕ್ ಜನ ‘ನೀರ್’ ಅನ್ನುತ್ತಾರೆ. ಉತ್ತರದ ಕಾಡು ಸೀಮೆಯಲ್ಲಿ ಆ ಜಾಗಕ್ಕೆ ಇಂಗ್ಲಿಷಿನ ‘ದಿಸ್’ ಪದದ ಮೊದಲ ಶಬ್ದ ಬರುತ್ತದೆ, ಹೆಚ್ಚುಕಮ್ಮಿ ‘ನೀದ’. ಒಂದೇ ಹಳೆಯ ಶಬ್ದ ಒಂದೊಂದು ಕಡೆ ಯ, ನ, ಲ, ರ ಆಗಿ ಒಡೆದಿದೆ. ನಮ್ಮ ಹಾಲು ತಮಿಳಿನಲ್ಲಿ ಪಾಲ್ ಆಗಿ ಉಳಿದ ಹಾಗೆ ಇದೂ ನಿಯಮ ಹಿಡಿದೇ ನಡೆದ ಬದಲಾವಣೆ. ಅಂದ ಹಾಗೆ ಮ್ಯಾನಿಟೋಬಾದಲ್ಲಿ ಇರುವ ಕನ್ನಡದವರು ಒಂದು ಗಮನಿಸಬೇಕು: ಅಲ್ಲಿ ‘ನೀನ’ ಅಂದರೆ ‘ನಾನು’. ‘ನೀನು’ ಅನ್ನಲು ‘ಕೀನ’ ಅನ್ನಬೇಕು.

ಈ ಲೇಖನದಲ್ಲಿ ಬರುವ ಪದಗಳು ಬೇರೆ ಏನೂ ಹೇಳದಿದ್ದರೆ ಬಯಲು ಸೀಮೆಯ ಕ್ರೀಯವು.

ಉಚ್ಚಾರಣೆ ನಮಗೆ ಸುಲಭ

ಕ್ರೀಯಲ್ಲಿ ಹ್ರಸ್ವ ದೀರ್ಘದ ವ್ಯತ್ಯಾಸ ಗಟ್ಟಿಯಾಗಿದೆ. ಅ, ಇ, ಒ ಹ್ರಸ್ವ. ಆ, ಈ, ಏ, ಓ ದೀರ್ಘ. ಒಟ್ಟು ಏಳೇ ಸ್ವರ. ‘ಏ’ಗೆ ಹ್ರಸ್ವ ಜೋಡಿಯೇ ಇಲ್ಲ. ಉದ್ದ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ‘ಸಾಕಹಿಕನ್’ ಅಂದರೆ ಕೆರೆ, ಸರೋವರ. ‘ಸಕಹಿಕನ್’ ಅಂದರೆ ಮೊಳೆ. ಇಂಗ್ಲಿಷ್ ಮಾತಾಡುವವರಿಗೆ ಇದು ದೊಡ್ಡ ತಲೆನೋವು. ‘ಕಡು’ ಬೇರೆ ‘ಕಾಡು’ ಬೇರೆ ಅಂತ ಎಳೆಯ ವಯಸ್ಸಿನಲ್ಲೇ ಕಲಿತ ಕನ್ನಡದ ಕಿವಿಗೆ ಕಷ್ಟವಿಲ್ಲ.

ಕ ಮತ್ತು ಗ, ಪ ಮತ್ತು ಬ, ತ ಮತ್ತು ದ ಬೇರೆ ಬೇರೆ ಅಂತ ಬಯಲು ಸೀಮೆಯ ಕ್ರೀ ಎಣಿಸುವುದಿಲ್ಲ. ಬರೆಯುವುದು ಕ, ಪ, ತ ಅಂತಲೇ. ಮಾತಿನಲ್ಲಿ ಸ್ವಲ್ಪ ಗ, ಬ, ದ ಕಡೆ ವಾಲಿದರೂ ಅದೇ ಪದ. ತಮಿಳು ಓದಲು ಬರುವವರಿಗೆ ಇದು ಹೊಸದೇನಲ್ಲ. ಇನ್ನೊಂದು ವಿಷಯ, ಕೆಲವು ಪದಗಳಲ್ಲಿ ಕ, ತ, ಪ ಮುಂಚೆ ಸಣ್ಣದೊಂದು ಉಸಿರು ಬರುತ್ತದೆ. ನೋಹ್ಕೊಮ್, ಮಸ್ಕಿಹ್ಕಿಯ್. ಆ ಹ್ ನುಂಗಬಾರದು.

ತಾನಿಸಿ ಅಂದರೆ ‘ಹೆಂಗೆ?’

ತಾನಿಸಿ ಪದದ ನೇರ ಅರ್ಥ ‘ಹೇಗೆ’. ಬೇಗ ಹೇಳುವಾಗ ‘ತಾನ್ಸಿ’ ಅಂತ ಕೇಳುತ್ತದೆ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರಿಗೆ ‘ಹೆಂಗೆ?’ ಅಂತ ಒಂದೇ ಮಾತು ಹಾಕುತ್ತೇವಲ್ಲ, ಹಾಗೆ. ಅದು ನಮಸ್ಕಾರವೂ ಹೌದು, ಪ್ರಶ್ನೆಯೂ ಹೌದು.

ಉತ್ತರ ‘ನಮೋಯ ನಾನಿತವ್’. ನಮೋಯ ಅಂದರೆ ಇಲ್ಲ, ಅಲ್ಲ. ಎರಡೂ ಸೇರಿ ‘ಏನೂ ತೊಂದರೆ ಇಲ್ಲ’ ಅನ್ನುವ ಅರ್ಥ. ಬೇಗ ಹೇಳಿದರೆ ‘ಮೋಯ ನಾನಿತವ್’. ಚೆನ್ನಾಗಿದ್ದೇನೆ ಅಂತ ಸಾರುವುದಿಲ್ಲ, ತೊಂದರೆ ಇಲ್ಲ ಅಂತ ಹೇಳುತ್ತಾರೆ. ನಮ್ಮ ಹಿರಿಯರು ‘ಏನಿಲ್ಲಪ್ಪ, ಹೀಗೇ ಇದ್ದೀವಿ’ ಅನ್ನುವುದೂ ಇದೇ ಧಾಟಿ. ಆಮೇಲೆ ತಿರುಗಿ ಕೇಳಲು ‘ಕಿಯ ಮಾಕ?’, ಅಂದರೆ ‘ಮತ್ತೆ ನೀನು?’

ಪೂರ್ತಿ ಒಂದು ಮಾತುಕತೆ ನೋಡೋಣ. ಮೈಸೂರಿನ ಶಾಂತಾ ಅನ್ನುವವರು ಅಲ್ಲಿ ಒಬ್ಬರನ್ನು ಭೇಟಿಯಾದರು ಅಂತ ಇಟ್ಟುಕೊಳ್ಳಿ.

— ತಾನಿಸಿ.
— ತಾನಿಸಿ. ನಮೋಯ ನಾನಿತವ್. ಕಿಯ ಮಾಕ?
— ಪೇಯಕ್ವನ್. ತಾನಿಸಿ ಕಿತಿಸಿಯಿಹ್ಕಾಸೊನ್?
— ಶಾಂತಾ ನಿತಿಸಿಯಿಹ್ಕಾಸೊನ್.
— ತಾನಿತೇ ಒಹ್ಚಿ ಕಿಯ?
— ಮೈಸೂರು ಒಹ್ಚಿ ನಿಯ.

ಪೇಯಕ್ವನ್ ಅಂದರೆ ‘ಹಾಗೇ, ನಾನೂ ಅದೇ’. ಮುಂದಿನದು ‘ನಿನ್ನನ್ನು ಹೇಗೆ ಕರೆಯುತ್ತಾರೆ?’ ಎಂಬ ಪ್ರಶ್ನೆ, ಅಂದರೆ ಹೆಸರೇನು ಅಂತ. ಉದ್ದ ನೋಡಿ ಹೆದರಬೇಡಿ. ‘ಕಿ’ ಅಂದರೆ ನೀನು, ‘ನಿ’ ಅಂದರೆ ನಾನು. ‘ಇಸಿಯಿಹ್ಕಾಸೊ’ ಅಂದರೆ ಹೀಗೆ ಹೆಸರಿರುವುದು. ಕಿ, ನಿ ಮುಂದೆ ಸ್ವರ ಬಂದಾಗ ನಡುವೆ ಒಂದು ‘ತ’ ಸೇರಿಕೊಳ್ಳುತ್ತದೆ. ಮನೆ ಮತ್ತು ಅಲ್ಲಿ ಸೇರಿ ‘ಮನೆಯಲ್ಲಿ’ ಆಗುವಾಗ ಯಕಾರ ಬರುತ್ತದಲ್ಲ, ಶಾಲೆಯಲ್ಲಿ ಓದಿದ ಆಗಮ ಸಂಧಿ, ಅದೇ ಕೆಲಸ ಇಲ್ಲಿ ತಕಾರ ಮಾಡುತ್ತದೆ.

‘ತಾನಿತೇ’ ಅಂದರೆ ಎಲ್ಲಿ, ‘ಒಹ್ಚಿ’ ಅಂದರೆ ಇಂದ. ಎಲ್ಲಿಂದ ನೀನು? ಮೈಸೂರಿಂದ ನಾನು. ಇಲ್ಲಿ ಕನ್ನಡದ ಜೋಡಣೆಯೇ ಇದೆ. ಊರಿನ ಹೆಸರು ಮೊದಲು, ‘ಇಂದ’ ಆಮೇಲೆ.

ಒಂಟಾರಿಯೊ, ಕ್ವಿಬೆಕ್ ನಡುವಿನ ಜೇಮ್ಸ್ ಕೊಲ್ಲಿಯ ಸುತ್ತಮುತ್ತ ತಾನಿಸಿ ಬದಲು ‘ವಾಚಿಯೇ’ ಕೇಳುತ್ತದೆ. ಹಳೆಯ ಕಾಲದ ಇಂಗ್ಲಿಷ್ ನಾವಿಕರು, ವ್ಯಾಪಾರಿಗಳು ‘ವಾಟ್ ಚಿಯರ್’ ಅಂತ ಕುಶಲ ಕೇಳುತ್ತಿದ್ದರು, ಅದರಿಂದ ಬಂದದ್ದು ಅಂತ ಹೇಳುತ್ತಾರೆ. ಹಡ್ಸನ್ಸ್ ಬೇ ಕಂಪನಿ 1670ರಲ್ಲಿ ಶುರುವಾಗಿ ತುಪ್ಪಳದ ವ್ಯಾಪಾರಕ್ಕೆ ಆ ಕರಾವಳಿಯಲ್ಲಿ ಕೋಠಿಗಳನ್ನು ಕಟ್ಟಿತ್ತು, ಹಾಗಾಗಿ ಈ ನಂಟು ಸಹಜವೇ. ಅಲ್ಲಿ ವಾಚಿಯೇಯನ್ನು ಹೊರಡುವಾಗಲೂ ಹೇಳುತ್ತಾರೆ. ಅತಿಕಮೆಕ್ ಜನರ ನಮಸ್ಕಾರ ‘ಕ್ವೇ’.

ಹೊರಡುವಾಗ

ಬಯಲು ಸೀಮೆಯಲ್ಲಿ ಮಾತು ಮುಗಿಸುವಾಗ ‘ಏಕೊಸಿ’ ಅನ್ನುತ್ತಾರೆ. ಅಂದರೆ ‘ಆಯ್ತು, ಅಷ್ಟೇ’. ಶಾಶ್ವತವಾಗಿ ಬೀಳ್ಕೊಡುವ ಅರ್ಥದ ಪದ ತಮ್ಮಲ್ಲಿ ಇಲ್ಲ ಎಂದು ಕ್ರೀ ಕಲಿಸುವವರು ಹೇಳುವುದುಂಟು. ಅದರ ಬದಲು ‘ಕೀಹ್ತ್ವಾಮ್ ಕ-ವಾಪಮಿತಿನ್’, ಅಂದರೆ ಮತ್ತೆ ನಿನ್ನನ್ನು ನೋಡುತ್ತೇನೆ. ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಅಂತ ಕಲಿತು ಬೆಳೆದ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಥ್ಯಾಂಕ್ಸ್ ಹೇಳುವುದು, ‘ನೀನು’ ಮೊದಲು ಬರುವುದು

ಈ ಭಾಷೆಯ ನಿಜವಾದ ರುಚಿ ಇರುವುದು ಇಲ್ಲಿ. ‘ಕಿನನಾಸ್ಕೊಮಿತಿನ್’ ಅಂದರೆ ನಿನಗೆ ಕೃತಜ್ಞ. ಒಂದೇ ಪದ, ಆದರೆ ಪೂರ್ತಿ ವಾಕ್ಯ. ಬಿಡಿಸಿದರೆ ಮೂರು ತುಂಡು: ಕಿ, ನನಾಸ್ಕೊಮ್, ಇತಿನ್. ನಡುವಿನದು ಕೃತಜ್ಞತೆ ಹೇಳುವ ಕ್ರಿಯೆ. ಕೊನೆಯ ‘ಇತಿನ್’ ಹೇಳುವುದು, ಈ ಕೆಲಸ ನನ್ನಿಂದ ನಿನ್ನ ಕಡೆಗೆ ಹೋಗುತ್ತಿದೆ ಅಂತ. ಮೊದಲ ‘ಕಿ’ ಅಂದರೆ ನೀನು.

ಧನ್ಯವಾದ ಹೇಳುತ್ತಿರುವುದು ನಾನು, ಆದರೆ ಪದ ಶುರುವಾಗುವುದು ‘ನೀನು’ ಇಂದ. ಇದು ಈ ಒಂದು ಪದದ ವಿಶೇಷವಲ್ಲ, ಇಡೀ ವ್ಯಾಕರಣದ ನಿಯಮ. ಮಾತಿನಲ್ಲಿ ನಾನು, ನೀನು ಇಬ್ಬರೂ ಇದ್ದರೆ ಮೊದಲ ಜಾಗ ಯಾವಾಗಲೂ ‘ನೀನು’ಗೆ ಸಿಗುತ್ತದೆ. ಯಾರು ಮಾಡಿದರು ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ‘ವಾಪಮ್’ ಅಂದರೆ ನೋಡು.

ಕಿವಾಪಮಿತಿನ್: ನಾನು ನಿನ್ನನ್ನು ನೋಡುತ್ತೇನೆ.
ಕಿವಾಪಮಿನ್: ನೀನು ನನ್ನನ್ನು ನೋಡುತ್ತೀಯೆ.

ಎರಡೂ ‘ಕಿ’ಯಿಂದಲೇ ಶುರು. ಬಾಲ ಮಾತ್ರ ಬೇರೆ. ‘ಕಿಸಾಕಿಹಿತಿನ್’ ನಾನು ನಿನ್ನನ್ನು ಪ್ರೀತಿಸುತ್ತೇನೆ, ‘ಕಿಸಾಕಿಹಿನ್’ ನೀನು ನನ್ನನ್ನು ಪ್ರೀತಿಸುತ್ತೀಯೆ. ನಾನು ಮತ್ತು ಮೂರನೆಯವರು ಇದ್ದರೆ ಆಗ ‘ನಿ’ಗೆ ಜಾಗ. ‘ನಿವಾಪಮಾವ್’ ನಾನು ಅವರನ್ನು ನೋಡುತ್ತೇನೆ, ‘ನಿವಾಪಮಿಕ್’ ಅವರು ನನ್ನನ್ನು ನೋಡುತ್ತಾರೆ. ಅಂದರೆ ಸಾಲು ಹೀಗೆ: ಮೊದಲು ನೀನು, ಆಮೇಲೆ ನಾನು, ಕೊನೆಗೆ ಅವರು. ಬೀಳ್ಕೊಡುವ ‘ಕ-ವಾಪಮಿತಿನ್’ ಕೂಡ ಇದೇ ಪದ. ಮುಂದೆ ಆಗುವುದನ್ನು ಹೇಳುವ ‘ಕ’ ಸೇರಿದಾಗ ‘ಕಿಕ-’ ಆಗಬೇಕಾದ್ದು ಸವೆದು ‘ಕ-’ ಆಗಿದೆ, ಅಷ್ಟೇ.

ಕನ್ನಡದಲ್ಲಿ ಮಾಡುವವರ ಗುರುತು ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ನೋಡಿದೆನು, ನೋಡಿದೆ, ನೋಡಿದಳು. ಯಾರನ್ನು ನೋಡಿದ್ದು ಅನ್ನಲು ಬೇರೆ ಪದ ಬೇಕು. ಕ್ರೀಯಲ್ಲಿ ಇಬ್ಬರೂ ಕ್ರಿಯಾಪದದ ಒಳಗೇ ಇರುತ್ತಾರೆ. ಅದಕ್ಕೇ ಪದಗಳು ಅಷ್ಟು ಉದ್ದ. ಮತ್ತು ಅದಕ್ಕೇ ಎದುರಿಗೆ ಎಷ್ಟು ಜನ ಇದ್ದಾರೆ ಅಂತ ನೋಡಿ ಮಾತಾಡಬೇಕು. ಸಭೆಯಲ್ಲಿ ಎಲ್ಲರಿಗೂ ಹೇಳುವಾಗ ‘ಕಿನನಾಸ್ಕೊಮಿತಿನಾವಾವ್’. ಇಲ್ಲಿನ ಬಹುವಚನ ಎಣಿಕೆಗೆ ಮಾತ್ರ. ಕನ್ನಡದ ‘ನೀವು’ ತರ ಒಬ್ಬರಿಗೇ ಗೌರವಕ್ಕೆ ಬಳಸುವುದಲ್ಲ. ಹಿರಿಯರಿಗೂ ‘ಕಿಯ’ ಅನ್ನುವುದೇ ಸರಿ. ಕನ್ನಡದವರಿಗೆ ನಾಲಿಗೆ ಹಿಂಜರಿಯಬಹುದು, ಆದರೆ ಅದರಲ್ಲಿ ಏಕವಚನದ ಒರಟುತನ ಇಲ್ಲ.

ಚುಟುಕಾಗಿ ಹೇಳಬೇಕೆಂದರೆ ಬಯಲು ಸೀಮೆಯಲ್ಲಿ ‘ಹಯ್ ಹಯ್’. ಮ್ಯಾನಿಟೋಬಾದಲ್ಲಿ ‘ಏಕೊಸಾನಿ’ ಕೇಳುತ್ತದೆ. ಜವುಗು ಸೀಮೆಯಲ್ಲೂ ಪೂರ್ವದಲ್ಲೂ ‘ಮೀಕ್ವೇಚ್’ ಇದೆ. ಇದು ಒಜಿಬ್ವೆ ಭಾಷೆಗೂ ಸೇರಿದ ಪದ. ಉತ್ತರ ಸಸ್ಕ್ಯಾಚುವಾನ್ ಕಾಡು ಸೀಮೆಯಲ್ಲಿ ‘ತಿನಿಕಿ’ ಅನ್ನುವುದೂ ಉಂಟು. ಅದು ‘ಥ್ಯಾಂಕ್ಯೂ’ ಕ್ರೀ ಬಾಯಲ್ಲಿ ಪಡೆದ ರೂಪ. ಪೂರ್ವದ ಕ್ರೀಯಲ್ಲಿ ಇ, ಏ ಮುಂದೆ ಬರುವ ಕಕಾರ ಚಕಾರ ಆಗುತ್ತದೆ. ಹಾಗಾಗಿ ಅಲ್ಲಿ ‘ಚಿನಿಸ್ಕುಮಿತಿನ್’. ಯಾವ ಊರಲ್ಲಿ ಇದ್ದೀರೋ ಅಲ್ಲಿನವರು ಏನು ಹೇಳುತ್ತಾರೆ ಅಂತ ಕೇಳಿ ಅದನ್ನೇ ಹೇಳುವುದು ಒಳ್ಳೆಯದು.

ಎರಡು ‘ನಾವು’

‘ನಾವು ನಾಳೆ ಸಿನಿಮಾಕ್ಕೆ ಹೋಗ್ತಿದ್ದೀವಿ’ ಅಂದರೆ ಕೇಳುತ್ತಿರುವವರೂ ಅದರಲ್ಲಿ ಸೇರಿದ್ದಾರಾ? ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಕ್ರೀಯಲ್ಲಿ ಆ ಗೊಂದಲ ಇಲ್ಲ. ನೀನೂ ಸೇರಿದ ನಾವು ‘ಕಿಯಾನವ್’. ನಿನ್ನನ್ನು ಬಿಟ್ಟ ನಾವು ‘ನಿಯನಾನ್’. ನೀನು ಸೇರಿದ ತಕ್ಷಣ ಪದದ ಮುಂದೆ ಮತ್ತೆ ‘ಕಿ’ ಬಂತು ನೋಡಿ. ಹಿಂದಿನ ನಿಯಮವೇ.

ತುಳು ಬಲ್ಲವರಿಗೆ ಇದು ಮನೆಮಾತಿನ ವಿಷಯ. ತುಳುವಿನಲ್ಲಿ ‘ನಮ’ ಅಂದರೆ ಎದುರಿಗಿರುವವರೂ ಸೇರಿ ನಾವು, ‘ಎಂಕುಲು’ ಅಂದರೆ ನಿಮ್ಮನ್ನು ಬಿಟ್ಟು ನಾವು. ತೆಲುಗಿನ ಮನಮು, ಮೇಮು ಕೂಡ ಹಾಗೇ. ಸಂಬಂಧವೇ ಇಲ್ಲದ ಎರಡು ಖಂಡದ ಭಾಷೆಗಳು ಒಂದೇ ಅಗತ್ಯಕ್ಕೆ ಒಂದೇ ಪರಿಹಾರ ಕಂಡುಕೊಂಡಿವೆ.

ನಂಟಿನ ಪದಗಳು

ಕ್ರೀ ಕಲಿಯುವವರಿಗೆ ಸಾಮಾನ್ಯವಾಗಿ ಅಂಕಿ, ಬಣ್ಣ ಮೊದಲು ಹೇಳಿಕೊಡುತ್ತಾರೆ. ನನ್ನನ್ನು ಕೇಳಿದರೆ ಕನ್ನಡದವರು ನಂಟಿನ ಪದಗಳಿಂದ ಶುರು ಮಾಡಬೇಕು. ಯಾಕೆ ಅಂತ ನೋಡಿ.

ನಿಸ್ತೇಸ್ ಅಂದರೆ ನನ್ನ ಅಣ್ಣ. ನಿಮಿಸ್ ನನ್ನ ಅಕ್ಕ. ನಿಸೀಮಿಸ್ ಅಂದರೆ ನನ್ನ ತಮ್ಮ ಅಥವಾ ತಂಗಿ, ಇಬ್ಬರಿಗೂ ಒಂದೇ ಪದ. ಅಣ್ಣ, ತಮ್ಮ ಎರಡಕ್ಕೂ ‘ಬ್ರದರ್’ ಅನ್ನುವ ಇಂಗ್ಲಿಷಿಗಿಂತ ಇದು ನಮಗೆ ಹತ್ತಿರ. ಇನ್ನೂ ಮುಂದೆ ಹೋಗೋಣ. ನಿಕಾವಿಯ್ ನನ್ನ ಅಮ್ಮ. ಅಮ್ಮನ ತಂಗಿ ಅಥವಾ ಅಕ್ಕ ನಿಕಾವೀಸ್. ಕೊನೆಯ ‘ಈಸ್’ ಚಿಕ್ಕದು ಅನ್ನುವುದನ್ನು ಹೇಳುತ್ತದೆ. ಅಂದರೆ ಚಿಕ್ಕಮ್ಮ! ನೋಹ್ತಾವಿಯ್ ನನ್ನ ಅಪ್ಪ. ಅಪ್ಪನ ಅಣ್ಣ ಅಥವಾ ತಮ್ಮ ನೋಹ್ಚಾವೀಸ್, ಅದೇ ಲೆಕ್ಕದಲ್ಲಿ ಚಿಕ್ಕಪ್ಪ.

ಆದರೆ ಅಮ್ಮನ ಅಣ್ಣತಮ್ಮಂದಿರಿಗೆ ಬೇರೆಯೇ ಪದ, ನಿಸಿಸ್. ಗಂಡನ ಅಥವಾ ಹೆಂಡತಿಯ ತಂದೆಯೂ ನಿಸಿಸ್. ಅಪ್ಪನ ಅಕ್ಕತಂಗಿಯರು ನಿಸಿಕೊಸ್. ಗಂಡನ ಅಥವಾ ಹೆಂಡತಿಯ ತಾಯಿಯೂ ನಿಸಿಕೊಸ್. ನಮ್ಮ ಮಾವ, ನಮ್ಮ ಅತ್ತೆ. ಸೋದರಮಾವನೇ ಮಾವ ಆಗುವ, ಸೋದರತ್ತೆಯೇ ಅತ್ತೆ ಆಗುವ ಸಂಬಂಧ ಕ್ರೀ ಜನರಲ್ಲೂ ಹಿಂದೆ ಇತ್ತು, ಅದಕ್ಕೇ ಎರಡಕ್ಕೂ ಒಂದೇ ಪದ. ನಂಟಿನ ಪದಗಳನ್ನು ಹೀಗೆ ಜೋಡಿಸುವ ಬಗೆಗೆ ಮಾನವಶಾಸ್ತ್ರಜ್ಞರು ‘ದ್ರಾವಿಡ’ ಮಾದರಿ ಅಂತಲೇ ಹೆಸರು ಇಟ್ಟಿದ್ದಾರೆ. ಜಗತ್ತಿನ ಬೇರೆ ಬೇರೆ ಕಡೆ ಇದು ಕಾಣುತ್ತದೆ. ಇದರಿಂದ ನಮಗೂ ಅವರಿಗೂ ರಕ್ತಸಂಬಂಧ ಅಂತ ಹೇಳಲು ಬರುವುದಿಲ್ಲ. ಕುಟುಂಬ ಕಟ್ಟಿಕೊಂಡ ರೀತಿ ಒಂದೇ ತರ ಇತ್ತು ಅಂತ ಹೇಳಬಹುದು.

ಈ ಎಲ್ಲ ಪದಗಳ ಮುಂದೆ ‘ನಿ’ ಅಥವಾ ‘ನೋ’ ಇದೆ. ಅದು ‘ನನ್ನ’. ಯಾರದ್ದೂ ಅಲ್ಲದ ಬರೀ ‘ಅಮ್ಮ’ ಅನ್ನುವ ಪದವನ್ನು ಕ್ರೀಯಲ್ಲಿ ಹಾಗೆ ಬಿಡಿಯಾಗಿ ಹೇಳುವುದಿಲ್ಲ. ನನ್ನ ಅಮ್ಮ ನಿಕಾವಿಯ್, ನಿನ್ನ ಅಮ್ಮ ಕಿಕಾವಿಯ್. ನಂಟು ಅಂದ ಮೇಲೆ ಯಾರಿಗೆ ನಂಟು ಅನ್ನುವುದು ಜೊತೆಗೇ ಬರಬೇಕು. ಅಜ್ಜಿ ನೋಹ್ಕೊಮ್, ಅಜ್ಜ ನಿಮೊಸೋಮ್. ‘ನಿನ್ನ ಅಜ್ಜಿ’ ಅಂದರೆ ಕೋಹ್ಕೊಮ್. ಕೆನಡಾದ ಇಂಗ್ಲಿಷಿನಲ್ಲಿ ಮೂಲನಿವಾಸಿ ಮನೆಗಳ ಅಜ್ಜಿಗೆ ‘ಕೋಕಮ್’ ಅನ್ನುವುದು ಇದರಿಂದಲೇ. ಎದುರಿಗೆ ಕರೆಯುವಾಗ ಪದದ ಬಾಲ ಬಿದ್ದುಹೋಗುತ್ತದೆ: ‘ನೋಹ್ತಾ!’ ಅಂದರೆ ಅಪ್ಪಾ! ರಕ್ತಸಂಬಂಧ ಇಲ್ಲದ ಹಿರಿಯರನ್ನೂ ಅಜ್ಜಿ, ಅಜ್ಜ ಅಂತ ಕರೆಯುವುದು ಅಲ್ಲಿ ಮರ್ಯಾದೆ. ಹೀಗೆ ನಂಟು ಬೆಸೆದು ಬದುಕುವುದಕ್ಕೆ ಅವರು ‘ವಾಹ್ಕೋಹ್ತೊವಿನ್’ ಅನ್ನುತ್ತಾರೆ. ಈ ಪದ ಕೆನಡಾದ ಶಾಲೆ, ನ್ಯಾಯ, ಸಮಾಜಸೇವೆಯ ಚರ್ಚೆಗಳಲ್ಲಿ ಈಗ ಆಗಾಗ ಬರುತ್ತದೆ.

ಕಲ್ಲಿಗೂ ಜೀವದ ಬಹುವಚನ

ಕ್ರೀಯಲ್ಲಿ ಅವನು, ಅವಳು ಅನ್ನುವ ಭೇದ ಇಲ್ಲ. ಇಬ್ಬರಿಗೂ ‘ವಿಯ’. ಇರುವ ಭೇದ ಜೀವ ಇರುವ ಗುಂಪು, ಜೀವ ಇಲ್ಲದ ಗುಂಪು. ಜೀವದ ಗುಂಪಿನ ಬಹುವಚನ ‘ಅಕ್’, ಇನ್ನೊಂದರದ್ದು ‘ಅ’. ಅತಿಮ್ ನಾಯಿ, ಅತಿಮ್ವಕ್ ನಾಯಿಗಳು. ಮಸ್ಕಿಸಿನ್ ಶೂ, ಮಸ್ಕಿಸಿನ ಶೂಗಳು.

ಆದರೆ ಕಲ್ಲು, ಅಸಿನಿಯ್, ಜೀವದ ಗುಂಪಿನಲ್ಲಿದೆ. ಹಿಮ, ಅಂದರೆ ಕೋನ, ಜೀವದ್ದು. ಕೈಗೆ ಹಾಕುವ ಮಿಟ್ಟನ್, ಹಿಮದಲ್ಲಿ ನಡೆಯುವ ಪಾದುಕೆ, ಪಾತ್ರೆ, ದುಡ್ಡು, ರೊಟ್ಟಿ, ಹೊಗೆ ಸೇದುವ ಚಿಲುಮೆ, ಇವೂ ಜೀವದ ಗುಂಪಿನವೇ. ಮಿಸ್ತಿಕ್ ಅನ್ನುವ ಪದ ಮರ ಅನ್ನುವ ಅರ್ಥದಲ್ಲಿ ಜೀವದ್ದು, ಕೋಲು ಅನ್ನುವ ಅರ್ಥದಲ್ಲಿ ಜೀವ ಇಲ್ಲದ್ದು. ಗುಂಪಿಗೆ ತಕ್ಕ ಹಾಗೆ ಕ್ರಿಯಾಪದವೂ ಬದಲಾಗುತ್ತದೆ. ನಾಯಿಯನ್ನು ನೋಡಿದರೆ ನಿವಾಪಮಾವ್, ಶೂ ನೋಡಿದರೆ ನಿವಾಪಹ್ತೇನ್. ಕೆಲವು ಪದಗಳಿಗೆ ನಂಬಿಕೆಯ ಹಿನ್ನೆಲೆ ಇದೆ. ಕಲ್ಲು, ಚಿಲುಮೆ ಎರಡೂ ಅವರ ಪೂಜಾಚರಣೆಯಲ್ಲಿ ಬರುತ್ತವೆ. ಆದರೆ ಎಲ್ಲ ಪದಕ್ಕೂ ಕಾರಣ ಹುಡುಕಲು ಆಗುವುದಿಲ್ಲ. ಪದದ ಜೊತೆಗೇ ಗುಂಪನ್ನೂ ಕಲಿಯಬೇಕು.

ಮನೆಯೊಳಗಿನ ಸಣ್ಣ ಮಾತು

ಹೌದು ಅನ್ನಲು ‘ಏಹೇ’, ಇಲ್ಲ ಅನ್ನಲು ‘ನಮೋಯ’. ಒಳಗೆ ಬಾ ‘ಪೀಹ್ತಿಕ್ವೇ’. ಕೂತ್ಕೊ ‘ಅಪಿ’. ಊಟ ಮಾಡು ‘ಮೀಚಿಸೊ’. ಇಲ್ಲಿ ಬಾ ‘ಆಸ್ತಮ್’. ಹೋಗಲಿ ಬಿಡು ಅನ್ನಲು ‘ಕಿಯಾಮ್’, ಬಹಳ ಉಪಯೋಗಕ್ಕೆ ಬರುವ ಪದ. ಅಯ್ಯಯ್ಯೋ ಅನ್ನಲು ‘ವಹ್ವಾ!’ ಕೇಳುವಾಗ ಮೃದುವಾಗಲಿ ಅಂತ ‘ಮಹ್ತಿ’ ಸೇರಿಸುತ್ತಾರೆ.

ಹೌದಾ ಅಲ್ವಾ ಅಂತ ಕೇಳುವ ಪ್ರಶ್ನೆಗೆ ಮೊದಲ ಪದದ ಹಿಂದೆ ‘ಚೀ’ ಅಂಟಿಸಿದರೆ ಆಯಿತು. ನಮ್ಮ ‘ಆ’ ಪ್ರತ್ಯಯದ ಕೆಲಸ ಅದು. ‘ಕಿನೇಹಿಯವಾನ್ ಚೀ?’ ನಿನಗೆ ಕ್ರೀ ಮಾತಾಡಲು ಬರುತ್ತಾ? ‘ಅಪಿಸೀಸ್’, ಸ್ವಲ್ಪ.

ಕುಡಿಯುವುದರ ಹೆಸರುಗಳು ಚೆಂದ. ‘ಆಪೊಯ್’ ಅಂದರೆ ದ್ರವ, ನಮ್ಮ ತಣ್ಣೀರು ಎಳನೀರಿನ ‘ನೀರು’ ತರ ಹಿಂದೆ ಸೇರುತ್ತದೆ. ಮಸ್ಕಿಹ್ಕಿಯ್ ಅಂದರೆ ಔಷಧಿ, ಹಾಗಾಗಿ ಟೀ ‘ಮಸ್ಕಿಹ್ಕೀವಾಪೊಯ್’. ಇಸ್ಕೊತೇವ್ ಅಂದರೆ ಬೆಂಕಿ, ಹೆಂಡ ‘ಇಸ್ಕೊತೇವಾಪೊಯ್’.

ತಿರುಗುವ ಅಕ್ಷರಗಳು

ಕ್ರೀಯನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುತ್ತಾರೆ, ತನ್ನದೇ ಲಿಪಿಯಲ್ಲೂ ಬರೆಯುತ್ತಾರೆ. ಆ ಲಿಪಿಯಲ್ಲಿ ವ್ಯಂಜನಕ್ಕೆ ಒಂದು ಆಕಾರ. ಸ್ವರ ಬದಲಾದರೆ ಅದೇ ಆಕಾರ ಗಡಿಯಾರದ ಮುಳ್ಳಿನ ಹಾಗೆ ಬೇರೆ ದಿಕ್ಕಿಗೆ ತಿರುಗುತ್ತದೆ. ಪಕಾರಕ್ಕೆ ಚೂಪು ಮೂಲೆಯ ಆಕಾರ. ಮೂಲೆ ಮೇಲೆ ನೋಡಿದರೆ ಪಿ, ಕೆಳಗೆ ನೋಡಿದರೆ ಪೇ, ಬಲಕ್ಕೆ ಪೊ, ಎಡಕ್ಕೆ ಪ. ದೀರ್ಘಕ್ಕೆ ಮೇಲೊಂದು ಚುಕ್ಕೆ. ಸ್ವರ ಇಲ್ಲದ ವ್ಯಂಜನಕ್ಕೆ ಸಣ್ಣ ಗುರುತು. ಕಾಗುಣಿತ ಕಲಿತವರಿಗೆ ಈ ಯೋಚನೆ ಕೂಡಲೇ ಹೊಳೆಯುತ್ತದೆ.

ಪುಸ್ತಕಗಳಲ್ಲಿ ಇದನ್ನು ಜೇಮ್ಸ್ ಎವಾನ್ಸ್ ಎಂಬ ಮೆಥೊಡಿಸ್ಟ್ ಪಾದ್ರಿಯ ಹೆಸರಿಗೆ ಬರೆಯುತ್ತಾರೆ. ಮ್ಯಾನಿಟೋಬಾದ ನಾರ್ವೇ ಹೌಸ್‌ನಲ್ಲಿ 1840ರಲ್ಲಿ ಅವರು ಈ ಲಿಪಿಯಲ್ಲಿ ಮುದ್ರಣ ಶುರು ಮಾಡಿದರು. ಟೀ ಪೆಟ್ಟಿಗೆಯ ಒಳಗಿನ ಸೀಸದ ಹಾಳೆ ಕರಗಿಸಿ ಅಚ್ಚು ಮಾಡಿಕೊಂಡರು. ಶೀಘ್ರಲಿಪಿ, ದೇವನಾಗರಿ ಎರಡರ ಪರಿಚಯವೂ ಅವರಿಗಿತ್ತು, ಅದರ ನೆರಳು ಇದರಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಕ್ರೀ ಹಿರಿಯರು ಹೇಳುವ ಕಥೆ ಬೇರೆ. ಮಿಸ್ತನಾಸ್ಕೊವೇವ್ ಎಂಬವರು ತೀರಿಕೊಂಡು, ಆತ್ಮಲೋಕದಲ್ಲಿ ಈ ಅಕ್ಷರ ಪಡೆದು, ಮತ್ತೆ ಎದ್ದು ಬಂದು ಜನರಿಗೆ ಕಲಿಸಿದರು. ಇಂಗ್ಲಿಷಿನಲ್ಲಿ ಅವರನ್ನು ‘ಕಾಲಿಂಗ್ ಬ್ಯಾಡ್ಜರ್’ ಅನ್ನುತ್ತಾರೆ. ಎರಡು ಕಥೆಗಳೂ ಇಂದಿಗೂ ಜೊತೆಯಲ್ಲೇ ನಡೆದಿವೆ. ಲಿಪಿ ಮಾತ್ರ ಜನರಿಂದ ಜನರಿಗೆ ಬಲು ಬೇಗ ಹಬ್ಬಿತು, ಇನುಯಿಟ್ ಜನರೂ ಅದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡರು.

ಯಾಕೆ ಕಡಿಮೆಯಾಯಿತು, ಈಗ ಯಾಕೆ ಕೇಳಿಬರುತ್ತಿದೆ

ಕೆನಡಾ ಸರ್ಕಾರ ಮತ್ತು ಚರ್ಚುಗಳು ಸೇರಿ ನೂರಕ್ಕೂ ಹೆಚ್ಚು ವರ್ಷ ವಸತಿ ಶಾಲೆಗಳನ್ನು ನಡೆಸಿದವು. 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಅಲ್ಲಿಗೆ ಕಳಿಸಲಾಯಿತು. ಅಲ್ಲಿ ತಾಯಿಮಾತು ಆಡಿದರೆ ಶಿಕ್ಷೆ. ಆ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಆ ನೋವು ಬೇಡ ಅಂತ ಭಾಷೆಯನ್ನು ಕಲಿಸಲಿಲ್ಲ. ಅಜ್ಜಿಗೆ ಬರುವ ಮಾತು ಮೊಮ್ಮಕ್ಕಳಿಗೆ ಬಾರದೆ ಹೋದದ್ದು ಹೀಗೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ಮೊನ್ನೆ ಮೊನ್ನೆ. 2008ರ ಜೂನ್‌ನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸತ್ಯಶೋಧನೆಗೆ ನೇಮಿಸಿದ ಆಯೋಗ 2015ರಲ್ಲಿ ವರದಿ ಕೊಟ್ಟು 94 ಕೆಲಸಗಳನ್ನು ಪಟ್ಟಿ ಮಾಡಿತು. ಭಾಷೆಗಳನ್ನು ಉಳಿಸುವುದೂ ಅದರಲ್ಲಿತ್ತು. 2019ರಲ್ಲಿ ಮೂಲನಿವಾಸಿ ಭಾಷೆಗಳ ಕಾಯ್ದೆ ಬಂತು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಕ್ಷಮೆ ಕೇಳಿದ್ದು ಆಲ್ಬರ್ಟಾದ ಮಸ್ಕ್ವಚೀಸ್‌ನಲ್ಲಿ, ಅದು ಕ್ರೀ ಜನರ ನೆಲ.

ವಿನಿಪೆಗ್‌ನ ಸಂಸದರಾಗಿದ್ದ ರಾಬರ್ಟ್ ಫಾಲ್ಕನ್ ವೆಲೆಟ್ 2017ರಲ್ಲಿ ಸಂಸತ್ತಿನಲ್ಲಿ ಕ್ರೀಯಲ್ಲಿ ಮಾತಾಡಿದಾಗ ಅನುವಾದಕರೇ ಇರಲಿಲ್ಲ. ಸದನದಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಅವರು ಪಟ್ಟು ಹಿಡಿದರು, ನಿಯಮ ಬದಲಾಯಿತು. 2019ರ ಜನವರಿಯಲ್ಲಿ ಅವರು ಮತ್ತೆ ಕ್ರೀಯಲ್ಲಿ ಮಾತಾಡಿದಾಗ ಎಲ್ಲರ ಕಿವಿಗೂ ಅನುವಾದ ತಲುಪಿತು.

ಭಾಷೆ ಊರುಕೇರಿಗಳ ಹೆಸರುಗಳಿಂದಂತೂ ಹೋಗಿಯೇ ಇರಲಿಲ್ಲ. ಸಸ್ಕ್ಯಾಚುವಾನ್ ಅಂದರೆ ಕ್ರೀಯಲ್ಲಿ ರಭಸವಾಗಿ ಹರಿಯುವ ನದಿ. ವಿನಿಪೆಗ್ ಅಂದರೆ ಕದಡಿದ ನೀರು. ಎಡ್ಮಂಟನ್‌ನ ಕ್ರೀ ಹೆಸರು ಅಮಿಸ್ಕ್ವಚೀವಾಸ್ಕಹಿಕನ್, ಬೀವರ್ ಗುಡ್ಡದ ಮನೆ. ವಾರ್ಡಿನ ಹೆಸರು ಸೀಪಿವಿಯಿನಿವಕ್ ಈಗ ನೀವೇ ಬಿಡಿಸಬಹುದು: ಸೀಪಿಯ್ ನದಿ, ಇಯಿನಿವಕ್ ಜನರು, ಕೊನೆಯಲ್ಲಿ ಆ ‘ಅಕ್’.

ಮುಂದೆ ಕಲಿಯಬೇಕೆಂದರೆ

ರೆಜೈನಾದ ಫಸ್ಟ್ ನೇಷನ್ಸ್ ವಿಶ್ವವಿದ್ಯಾಲಯದಲ್ಲಿ ಕ್ರೀ ಕಲಿಸುತ್ತಾರೆ, ಬೇರೆ ಕೆಲವು ವಿಶ್ವವಿದ್ಯಾಲಯಗಳಲ್ಲೂ ತರಗತಿಗಳಿವೆ. ಮನೆಯಲ್ಲೇ ಕೂತು ನೋಡಲು ಆಲ್ಬರ್ಟಾ ವಿಶ್ವವಿದ್ಯಾಲಯದ ‘ಇತ್ವೇವಿನ’ ಎಂಬ ಆನ್‌ಲೈನ್ ನಿಘಂಟು ಇದೆ. ಹೆಸರಿನ ಅರ್ಥ ‘ಪದಗಳು’. ಸಾಧಾರಣ ನಿಘಂಟಿನಲ್ಲಿ ಕಿನನಾಸ್ಕೊಮಿತಿನ್ ಹುಡುಕಿದರೆ ಸಿಗದೆ ಹೋಗಬಹುದು, ಯಾಕೆಂದರೆ ಅದು ಮೂಲಪದ ಅಲ್ಲ, ಪೂರ್ತಿ ವಾಕ್ಯ. ಈ ನಿಘಂಟಿನಲ್ಲಿ ಕೇಳಿದ ಪದವನ್ನು ಕೇಳಿದ ಹಾಗೇ ಟೈಪ್ ಮಾಡಿದರೆ ಮೂಲಪದ ಯಾವುದು, ಅದು ಯಾವ ರೂಪದಲ್ಲಿದೆ, ಯಾರಿಂದ ಯಾರಿಗೆ ಅನ್ನುವುದನ್ನು ಬಿಡಿಸಿ ತೋರಿಸುತ್ತದೆ. ಅದೇ ಕ್ರಿಯಾಪದದ ಬೇರೆ ರೂಪಗಳ ಪಟ್ಟಿಯೂ ಕೆಳಗೆ ಸಿಗುತ್ತದೆ. ಕಿ, ನಿ, ಇತಿನ್ ಇಷ್ಟು ಗೊತ್ತಿದ್ದರೆ ಆ ಪಟ್ಟಿಯ ಅರ್ಧ ಭಾಗ ಓದಲು ಬರುತ್ತದೆ.